ದೊಡ್ಡಮ್ಮ ಮತ್ತು ಗೊಣಗಿಯ ನಡುವೆ ತಾವು ಕಟ್ಟಿಸಿದ ಗೋಡೆ

ಮೇವು ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಒಂಟೆ ಕೊಟ್ಟಿಗೆಯೊಳಗೆ ಕೂತು ಊಟ ಮಾಡಿದ್ದು ಯಾಕೆ ಎಂದು ಕಾರಣ ಕೇಳಿ ತಾವು ನನಗೆ ನೋಟಿಸು ಕೊಟ್ಟಿದ್ದೀರಿ. ಉತ್ತರವನ್ನು ಮುಚ್ಚಿದ ಲಕೋಟೆಯಲ್ಲಿ ತಮ್ಮ ಮೇಜಿಗೆ ತಲುಪಿಸಬೇಕಂತೆ. ತಮ್ಮ ಮೇಜಿನ ಮೇಲೆ ಮುಚ್ಚಿದ ಲಕೋಟೆಗಳು ಮುಚ್ಚಿದ ಹಾಗೇ ಇರುವುದನ್ನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಈ ಉತ್ತರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಕೂತು ಉಂಡದ್ದು ನಿಜ, ಅದಕ್ಕೆ ಕಾರಣವೂ ಇದೆ. ಆದರೆ ಅದಕ್ಕಿಂತ ಮೊದಲು ನನ್ನ ದೂರು ಕೇಳಿ. ಜೊತೆಯಲ್ಲಿ ತಿನ್ನುತ್ತಿದ್ದ ಎರಡು ಒಂಟೆಗಳ ನಡುವೆ ತಾವು ಗೋಡೆ ಕಟ್ಟಿಸಿದಿರಿ. ಅವುಗಳಲ್ಲಿ ಒಂದು ತಿನ್ನುವುದನ್ನೇ ಬಿಟ್ಟಿತು. ತಪ್ಪನ್ನೆಲ್ಲ ಮೇವಿನ ತಲೆಗೆ ಕಟ್ಟಿ ವರದಿ ಬರೆಸಿದಿರಿ. ಈಗ ಬರುವ ಸೋಮವಾರ ಎರಡು ಲಾರಿ ತರಿಸಿ, ಚಿಕ್ಕದನ್ನು ದೂರದ ಇನ್ನೊಂದು ಕೇಂದ್ರಕ್ಕೂ ದೊಡ್ಡದನ್ನು ಹರಾಜಿಗೂ ಕಳಿಸಲು ಹೊರಟಿದ್ದೀರಿ. ವಯಸ್ಸಾದ ಒಂಟೆಯನ್ನು ಹರಾಜಿನಲ್ಲಿ ಯಾರು ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಎಂಬುದು ತಮಗೂ ಗೊತ್ತು, ನನಗೂ ಗೊತ್ತು.

ತಮಗೆ ಇದೆಲ್ಲ ತಿಳಿದದ್ದೇ. ಆದರೆ ಪತ್ರಿಕೆ ಓದುವ ಸಾರ್ವಜನಿಕರಿಗೆ ನಾವು ಈ ಕೇಂದ್ರದಲ್ಲಿ ಸಂಬಳ ತೆಗೆದುಕೊಂಡು ಏನು ಮಾಡುತ್ತೇವೆ ಎಂಬುದು ಗೊತ್ತಿರಲಾರದು. ನಾನು ಇಲ್ಲಿ ಜೀರ್ಣಶಕ್ತಿ ವಿಭಾಗದ ಮುಖ್ಯಸ್ಥೆ. ವಿಭಾಗ ಎಂದರೆ ನಾನು, ಒಂದು ತಕ್ಕಡಿ, ಮತ್ತು ಹಿಕ್ಕೆ ಒಣಗಿಸುವ, ಬಾಗಿಲು ಸರಿಯಾಗಿ ಮುಚ್ಚದ ಒಂದು ವಿದ್ಯುತ್ ಒಲೆ. ಬೆಳಿಗ್ಗೆ ಒಂಟೆಗೆ ಮೇವು ತೂಗಿ ಹಾಕುತ್ತೇವೆ. ಮರುದಿನ ತೊಟ್ಟಿಯಲ್ಲಿ ಉಳಿದದ್ದನ್ನು ತೂಗುತ್ತೇವೆ. ಒಂಟೆ ಹಾಕಿದ ಹಿಕ್ಕೆಯನ್ನು ಒಂದೂ ಬಿಡದೆ ಹಿಡಿದು, ಒಣಗಿಸಿ, ಪುಡಿ ಮಾಡಿ ಅದನ್ನೂ ತೂಗುತ್ತೇವೆ. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಒಂಟೆಗೆ ಎಷ್ಟು ದಕ್ಕಿತು ಎಂಬುದು ತಿಳಿಯುತ್ತದೆ. ನನ್ನ ಜೀವಮಾನದ ವಿದ್ಯೆ ಇಷ್ಟೇ. ಮದುವೆಮನೆಗಳಲ್ಲಿ ಯಾರಾದರೂ ನಿಮ್ಮ ಕೆಲಸ ಏನು ಎಂದು ಕೇಳಿದರೆ ಸರ್ಕಾರಿ ಲೆಕ್ಕದ ಕೆಲಸ ಎಂದು ಹೇಳಿ ಮಾತು ಬದಲಿಸುತ್ತೇನೆ.

ಈ ಸಲ ನಮಗೆ ಒಪ್ಪಿಸಿದ್ದು ಅಗ್ಗದ ಮೇವು. ಕಾಳು ಬಡಿದ ಮೇಲೆ ಉಳಿಯುವ ಹೊಟ್ಟು, ಹಣ್ಣಿನ ರಸದ ಕಾರ್ಖಾನೆಯವರು ಹೊರಗೆ ಸುರಿಯುವ ಸಿಪ್ಪೆ, ಬೇಲಿಯ ಮೇಲೆ ಯಾರಿಗೂ ಬೇಡವಾಗಿ ಬೆಳೆಯುವ ಮುಳ್ಳುಜಾಲಿಯ ಕಾಯಿ, ಇವನ್ನು ಒಣಗಿಸಿ ಬೆರೆಸಿದ ಒಂದು ಮಿಶ್ರಣ. ಊರಾಚೆ ಒಂಟೆ ಸಾಕಿಕೊಂಡು ಗಾಡಿ ಹೊಡೆಯುವವರು, ಹಾಲು ಮಾರುವವರು ಬೇಸಿಗೆಯಲ್ಲಿ ಕಾಳಿನ ಮೇವು ಕೊಳ್ಳಲಾರದೆ ಪ್ರಾಣಿಗಳ ಹೊಟ್ಟೆ ಕಟ್ಟುತ್ತಾರೆ. ಈ ಮಿಶ್ರಣ ಒಂಟೆಗೆ ದಕ್ಕುತ್ತದೆ ಎಂದು ನಾವು ಬರೆದುಕೊಟ್ಟರೆ ಅವರಿಗೆ ಅದು ಸಿಗುವಂತೆ ಮಾಡುವ ಯೋಜನೆ. ಕೇಂದ್ರದ ಗೇಟಿನ ಹತ್ತಿರ ಒಂಟೆ ಹಾಲು ಮಾರುವಾಕೆ ಒಬ್ಬಳಿದ್ದಾಳೆ. ನನ್ನನ್ನು ಕಂಡಾಗಲೆಲ್ಲ, ಅಕ್ಕಾ, ನಿಮ್ಮ ಒಂಟೆಗಳು ಪಾಸಾದವಾ ಎಂದು ಕೇಳುತ್ತಾಳೆ. ಪರೀಕ್ಷೆ ಮೇವಿಗೆ, ಒಂಟೆಗಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ಹಿಡಿಸಲಿಲ್ಲ. ಈಗ ನೋಡಿದರೆ ತಾವೂ ಅವಳೂ ಒಂದೇ ಅಭಿಪ್ರಾಯದವರು. ತಾವು ಒಂಟೆಗಳನ್ನೇ ಫೇಲು ಮಾಡಿ ಮನೆಗೆ ಕಳಿಸುತ್ತಿದ್ದೀರಿ.

ನಮ್ಮಲ್ಲಿ ಇದ್ದದ್ದು ಎರಡೇ ಹೆಣ್ಣೊಂಟೆ. ವಯಸ್ಸಾದದ್ದು ದೊಡ್ಡಮ್ಮ. ಚಿಕ್ಕದು ಗೊಣಗಿ. ನಿಂತರೂ ಕೂತರೂ ಏಳೆಂದರೂ ಬೇಡವೆಂದರೂ ಅದು ಗಂಟಲಲ್ಲೇ ಏನೋ ದೂರು ಹೇಳಿಕೊಳ್ಳುತ್ತಿತ್ತು, ಅದಕ್ಕೇ ಆ ಹೆಸರು. ಇಟ್ಟವನು ಕೊಟ್ಟಿಗೆ ನೋಡಿಕೊಳ್ಳುವ ಮಾವ. ಮಾವ ಯಾರಿಗೂ ಮಾವನಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. ಎರಡಕ್ಕೂ ಅಕ್ಕಪಕ್ಕದಲ್ಲಿ ಬೇರೆ ಬೇರೆ ಕಟಕಟೆ, ಬೇರೆ ಬೇರೆ ತೊಟ್ಟಿ, ನಡುವೆ ಎದೆಯೆತ್ತರದ ಕಬ್ಬಿಣದ ಕೊಳವೆ. ಎರಡಕ್ಕೂ ಒಂದೇ ತೂಕದ ಮೇವು. ಮೇವು ಹಾಕಿದ ಮೇಲೆ ಪ್ರಾಣಿಗಳಿಗೆ ತೊಂದರೆಯಾಗಬಾರದೆಂದು ಕೊಟ್ಟಿಗೆಯ ಬಾಗಿಲು ಹಾಕಿ ಸಂಜೆಯವರೆಗೆ ಯಾರೂ ಒಳಗೆ ಹೋಗುವುದಿಲ್ಲ. ತಲೆತಲಾಂತರದಿಂದ ಬಂದ ಪದ್ಧತಿ ಅದು. ಪ್ರಾಣಿ ತಿನ್ನುವುದನ್ನು ಅಳೆಯುವುದೇ ನಮ್ಮ ಉದ್ಯೋಗ, ಪ್ರಾಣಿ ತಿನ್ನುವುದನ್ನು ನಮ್ಮಲ್ಲಿ ಯಾರೂ ನೋಡಿದವರಲ್ಲ.

ಮೊದಲ ಸಲದ ಅಂಕೆ ಬಂದಾಗ ನನಗೇ ನಂಬಿಕೆಯಾಗಲಿಲ್ಲ. ದೊಡ್ಡಮ್ಮನಿಗೆ ನೂರಕ್ಕೆ ನಲವತ್ತು ದಕ್ಕಿತ್ತು. ಗೊಣಗಿಗೆ ಎಂಬತ್ತು. ಎಂಬತ್ತೆಂದರೆ ಹೊಟ್ಟಿಗಿರಲಿ, ಎಳೆಯ ಹಸಿರು ಹುಲ್ಲಿಗೂ ಸುಲಭವಾಗಿ ಬರುವ ಅಂಕೆಯಲ್ಲ. ಎಲ್ಲೋ ತಪ್ಪಾಗಿದೆ, ಸ್ವಲ್ಪ ತಡೆಯಿರಿ ಎಂದು ತಮ್ಮ ಬಳಿ ಬಂದು ಹೇಳಿದೆ. ತಾವು ತಡೆಯಲಿಲ್ಲ. ಹೊಟ್ಟನ್ನು ಹೂವಿನಂತೆ ಅರಗಿಸಿಕೊಳ್ಳುವ ಒಂಟೆ ನಮ್ಮಲ್ಲಿದೆ ಎಂದು ಸಭೆಯಲ್ಲಿ ಹೇಳಿದಿರಿ. ಗೊಣಗಿಯ ಫೋಟೊ ದೊಡ್ಡದಾಗಿ ಹಾಕಿಸಿ ಮುಂಬಾಗಿಲಲ್ಲಿ ನೇತುಹಾಕಿಸಿದಿರಿ. ನೋಡಲು ಬಂದವರ ಪಕ್ಕದಲ್ಲಿ ತಾವೂ ನಿಂತಿರಿ, ಗೊಣಗಿ ತಮ್ಮ ಹೆಗಲ ಮೇಲೆ ಉಗುಳಿತು, ಅದನ್ನೂ ತಾವು ಪ್ರೀತಿ ಎಂದೇ ತೆಗೆದುಕೊಂಡಿರಿ. ಆ ದಿನಗಳಲ್ಲಿ ತಾವು ನಕ್ಕದ್ದನ್ನು ನಾವೆಲ್ಲ ನೋಡಿದೆವು, ಅದಕ್ಕೆ ಮೊದಲೂ ಆಮೇಲೂ ನೋಡಿಲ್ಲ.

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಕೊಟ್ಟಿಗೆಗೆ ನಾನು ಹೋದದ್ದು ಯಾಕೆಂದು ಗೊತ್ತಾಗುವುದಿಲ್ಲ. ನಮ್ಮವರು ದರ್ಜಿ. ಕೇಂದ್ರದ ಗೇಟಿನ ಎದುರಿಗೇ ಅವರ ಅಂಗಡಿ. ಕೋಟು, ಪ್ಯಾಂಟು, ಸಮವಸ್ತ್ರ ಎಂದು ಬೋರ್ಡು ಬರೆಸಿದ್ದರು. ಆದರೆ ಅವರು ಹೊಲಿದದ್ದರಲ್ಲಿ ಅತಿ ಕಷ್ಟದ್ದೂ ಅತಿ ಚೆನ್ನಾಗಿ ಕೂತದ್ದೂ ಒಂಟೆಯ ಹಿಂಭಾಗಕ್ಕೆ ಕಟ್ಟುವ ಹಿಕ್ಕೆಯ ಚೀಲ. ಗಂಡಾಗಲಿ ಹೆಣ್ಣಾಗಲಿ ಒಂಟೆ ಮೂತ್ರವನ್ನು ಹಿಂದಕ್ಕೇ ಬಿಡುತ್ತದೆ. ಹಿಕ್ಕೆ ಚೀಲಕ್ಕೆ ಬೀಳಬೇಕು, ಮೂತ್ರ ಚೀಲಕ್ಕೆ ತಾಗಬಾರದು, ಒಂಟೆ ಕೂತೆದ್ದರೂ ಚೀಲ ಜಾರಬಾರದು. ಹೊರಗಿನಿಂದ ತರಿಸಿದ ಚೀಲಗಳೆಲ್ಲ ಸೋತು ಹೋದ ಮೇಲೆ ನಮ್ಮವರು ಟೇಪು ಹಿಡಿದುಕೊಂಡು ಬಂದರು. ದೊಡ್ಡಮ್ಮನ ಹಿಂದೆ ನಿಂತು ಅಳತೆ ತೆಗೆಯುತ್ತ, "ಇದಕ್ಕೆ ಸೊಂಟ ಅನ್ನೋದೇ ಇಲ್ಲವಲ್ಲೇ, ಬೆಲ್ಟ್ ಎಲ್ಲಿ ನಿಲ್ಲಬೇಕು?" ಎಂದು ನನ್ನನ್ನು ಕೇಳಿದರು. ಕೊನೆಗೆ ಡುಬ್ಬಕ್ಕೇ ಪಟ್ಟಿ ತೊಡಿಸಿ ಗೆದ್ದರು. ದಪ್ಪ ಕ್ಯಾನ್ವಾಸಿನ ಒಂದೇ ತುಂಡಿನಿಂದ ಎರಡು ಚೀಲ ಹೊಲಿದರು. ಅವೇ ಚೀಲಗಳು ಇವತ್ತಿಗೂ ನಡೆಯುತ್ತಿವೆ.

ಮಧ್ಯಾಹ್ನದ ಊಟಕ್ಕೆ ನಾನು ದಿನವೂ ಅವರ ಅಂಗಡಿಗೆ ಹೋಗುತ್ತಿದ್ದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹಾಸಿ ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ಅವರಿಗೆ ಕ್ಯಾರೆಟ್ ಆಗದು, ಅದು ನನ್ನ ತಟ್ಟೆಗೆ ಬರುತ್ತಿತ್ತು. ನನಗೆ ಈರುಳ್ಳಿ ಆಗದು, ಅದು ಅವರ ತಟ್ಟೆಗೆ ಹೋಗುತ್ತಿತ್ತು. ಮಾತಿನ ಮಧ್ಯೆ ಅವರ ಕೈ ನನ್ನ ತಟ್ಟೆಗೂ ನನ್ನ ಕೈ ಅವರ ತಟ್ಟೆಗೂ ಹೋಗಿಬರುತ್ತಿತ್ತು. ಹೋದ ವರ್ಷ ಒಂದು ಜ್ವರ ಬಂತು, ಸಾಮಾನ್ಯ ಜ್ವರ ಎಂದುಕೊಂಡೆವು, ಅದರಲ್ಲೇ ಹೋದರು. ಅಂಗಡಿ ಬೇರೆಯವರಿಗೆ ಹೋಯಿತು. ಈಗ ಅಲ್ಲಿ ಮೊಬೈಲು ಕವರು ಮಾರುತ್ತಾರೆ.

ಆಮೇಲೆ ಮಧ್ಯಾಹ್ನ ಎಲ್ಲಿ ಉಣ್ಣಬೇಕು ಎಂಬುದೇ ನನಗೊಂದು ಸಮಸ್ಯೆಯಾಯಿತು. ಪ್ರಯೋಗಾಲಯದಲ್ಲಿ ಆಮ್ಲದ ವಾಸನೆ. ಕ್ಯಾಂಟೀನಿಗೆ ಹೋಗಿ ಕೂತರೆ ಅಕ್ಕಪಕ್ಕದವರ ಮಾತು ನಿಂತುಬಿಡುತ್ತಿತ್ತು. ನಗುತ್ತಿದ್ದವರು ನಗು ನುಂಗಿಕೊಂಡು, ಊಟ ಆಯ್ತಾ ಮೇಡಂ ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ಡಬ್ಬಿ ತೆರೆದಿಟ್ಟುಕೊಂಡು ಕೂತವಳನ್ನು ಊಟ ಆಯ್ತಾ ಎಂದು ಕೇಳಿದರೆ ಏನು ಹೇಳುವುದು? ಅವರ ತಪ್ಪೇನೂ ಇಲ್ಲ, ಒಳ್ಳೆಯ ಜನ. ಆದರೆ ಆ ಕನಿಕರ ಸೇರಿಸಿ ತುತ್ತು ನುಂಗುವುದು ನನ್ನಿಂದಾಗಲಿಲ್ಲ. ಹಾಗಾಗಿ ಎರಡನೆಯ ಸಲದ ಅಳತೆ ನಡೆಯುತ್ತಿದ್ದ ವಾರ ಒಂದು ಮಧ್ಯಾಹ್ನ, ಯಾರೂ ಇಲ್ಲದ ಜಾಗ ಇದೊಂದೇ ಎಂದುಕೊಂಡು, ಪದ್ಧತಿಯನ್ನು ಗಾಳಿಗೆ ತೂರಿ ಒಂಟೆ ಕೊಟ್ಟಿಗೆಯ ಹಿಂಬಾಗಿಲಿನಿಂದ ಒಳಗೆ ಹೋಗಿ ಹೊಟ್ಟಿನ ಮೂಟೆಯ ಮೇಲೆ ಕೂತೆ.

ಅಲ್ಲಿ ನಾನು ಕಂಡದ್ದನ್ನು ತಮಗೆ ಆಗಲೇ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ದೊಡ್ಡಮ್ಮ ತನ್ನ ತೊಟ್ಟಿಯನ್ನು ಬಳಿದು ಮುಗಿಸಿತ್ತು. ಗೊಣಗಿಯ ತೊಟ್ಟಿ ತುಂಬಿದ ಹಾಗೇ ಇತ್ತು. ಗೊಣಗಿ ಅದರ ಮುಂದೆ ಗೊಣಗುತ್ತ ನಿಂತಿತ್ತು, ತಿನ್ನುತ್ತಿರಲಿಲ್ಲ, ಕಾಯುತ್ತಿತ್ತು. ದೊಡ್ಡಮ್ಮ ನಿಧಾನವಾಗಿ ಕತ್ತು ಎತ್ತಿ ಕೊಳವೆಯ ಮೇಲಿಂದ ಆ ಕಡೆಗೆ ಹಾಕಿ ಗೊಣಗಿಯ ತೊಟ್ಟಿಗೆ ಬಾಯಿಟ್ಟಿತು. ಆಗ ಗೊಣಗಿಯೂ ತಲೆ ಬಗ್ಗಿಸಿತು. ಎರಡು ಮುಖವೂ ಒಂದೇ ತೊಟ್ಟಿಯಲ್ಲಿ. ಗೊಣಗಿ ಮಧ್ಯೆ ಮಧ್ಯೆ ತುಟಿಯಿಂದ ಮೇವನ್ನು ಆ ಕಡೆ ಸರಿಸಿಕೊಡುತ್ತಿತ್ತು. ತಿಂದಾದ ಮೇಲೆ ಕೊಳವೆಗೆ ಒರಗಿ ಎರಡೂ ಮೆಲುಕು ಹಾಕಿದವು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯೇನಿಲ್ಲ. ಆ ಕ್ಷಣಕ್ಕೆ ಅಂಕೆಯ ನೆನಪೂ ಇರಲಿಲ್ಲ. ಎದ್ದು ಕೈ ತೊಳೆಯುವಾಗ ಲೆಕ್ಕ ತಾನಾಗಿ ಹೊಳೆಯಿತು. ಗೊಣಗಿಯ ಪಾಲನ್ನು ದೊಡ್ಡಮ್ಮ ತಿಂದರೆ ಗೊಣಗಿಯ ಹಿಕ್ಕೆ ಕಡಿಮೆ, ದೊಡ್ಡಮ್ಮನ ಹಿಕ್ಕೆ ಹೆಚ್ಚು. ನಾವು ತೊಟ್ಟಿ ನೋಡಿ ಲೆಕ್ಕ ಹಾಕಿದ್ದೆವು, ಬಾಯಿ ನೋಡಿರಲಿಲ್ಲ. ಎಂಬತ್ತೂ ಸುಳ್ಳು, ನಲವತ್ತೂ ಸುಳ್ಳು. ಎರಡರ ಮೇವನ್ನು ಕೂಡಿಸಿ ಎರಡರ ಹಿಕ್ಕೆಯನ್ನು ಕಳೆದರೆ ಅರವತ್ತು ಬರುತ್ತದೆ, ಅದೇ ನಿಜ. ಅಗ್ಗದ ಮೇವಿಗೆ ಅರವತ್ತೆಂದರೆ ಹಾಲಿನಾಕೆಗೆ ಓಡಿಹೋಗಿ ಹೇಳಬೇಕಾದ ಸುದ್ದಿ.

ಅವಳ ಬದಲು ತಮ್ಮ ಹತ್ತಿರ ಓಡಿಬಂದೆ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ತಮ್ಮ ಮುಖ ಸಣ್ಣದಾದದ್ದನ್ನು ನೋಡಿ ಪಾಪ ಅನ್ನಿಸಿತು, ಅಷ್ಟೇ. ಮುಂಬಾಗಿಲಿನ ಫೋಟೊ ಮಾರನೆಯ ದಿನವೇ ಮಾಯವಾಯಿತು. ದೊಡ್ಡಮ್ಮ ಮಾಡಿದ್ದು ಮೇವು ಕಳವು ಎಂದು ತಾವು ಕಡತದಲ್ಲಿ ಬರೆದಿರಿ. ಸರಿಸಿ ಕೊಟ್ಟದ್ದನ್ನು ತಿಂದರೆ ಕಳವು ಹೇಗಾಗುತ್ತದೆ ಮಾನ್ಯರೇ? ಮೊದಲು ಕೊಳವೆಗೆ ಬಲೆ ಕಟ್ಟಿಸಿ ನೋಡಿದಿರಿ. ಗೊಣಗಿ ಒಂದಿಷ್ಟು ಮುಕ್ಕಿ, ಉಳಿದ ಮೇವನ್ನು ತುಟಿಯಿಂದ ಬಲೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲೇ ನಿಂತಿತು. ಬಲೆಯಿಂದಾಗಿ ಮೇವು ಚೆಲ್ಲುತ್ತದೆ, ಅಂಕೆ ಕೆಡುತ್ತದೆ ಎಂದು ಗೋಡೆಗೆ ಆಜ್ಞೆಯಾಯಿತು. ಒಂಟೆಯ ಕತ್ತಿಗಿಂತ ಎತ್ತರದ ಗೋಡೆ ಕಟ್ಟುವುದು ಸಣ್ಣ ಮಾತಲ್ಲ. ಗಾರೆಯವರು ಏಣಿಯ ಮೇಲೆ ಏಣಿ ಇಟ್ಟು ಸೂರಿನವರೆಗೂ ಏರಿಸಿದರು. ನನ್ನ ಒಲೆಗೆ ಬಾಗಿಲು ಹಾಕಿಸಿಕೊಡಿ ಎಂದು ಎಷ್ಟು ಕಾಲದಿಂದ ಕೇಳುತ್ತಿದ್ದೇನೆ, ಅದಾಗಲಿಲ್ಲ. ಗೋಡೆ ಮಾತ್ರ ಸಿಮೆಂಟು ಹಸಿಯಾರುವುದಕ್ಕೆ ಮೊದಲೇ ಕೆಲಸ ಶುರುಮಾಡಿತು.

ಗೊಣಗಿ ಮೊದಲು ಗೊಣಗುವುದನ್ನು ನಿಲ್ಲಿಸಿತು. ನಮ್ಮ ಕಿವಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಕೊಟ್ಟಿಗೆಯಲ್ಲಿ ಏನೋ ಕಳೆದುಹೋದ ಹಾಗಾಯಿತು. ಆಮೇಲೆ ಮೇವು ಬಿಟ್ಟಿತು. ಪೂರ್ತಿ ಅಲ್ಲ, ಸಾಯದಿರುವಷ್ಟು ತಿನ್ನುತ್ತಿತ್ತು. ಆಮೇಲೆ ಮೆಲುಕು ನಿಂತಿತು. ಆ ಕಡೆ ದೊಡ್ಡಮ್ಮ ತನ್ನ ಪಾಲು ತಿಂದು ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಮಾವ ಇದು ಹಲ್ಲಿನ ತೊಂದರೆ ಎಂದು ಹಟ ಹಿಡಿದ. ಅವನಿಗೆ ಲೋಕದ ಎಲ್ಲ ತೊಂದರೆಯೂ ಹಲ್ಲಿನದೇ, ಯಾಕೆಂದರೆ ಅವನ ಹಲ್ಲು ನೋಯುತ್ತದೆ. ಪಶುವೈದ್ಯರು ಬಂದು ಬಾಯಿ ತೆರೆಸಿ ನೋಡಿ, ಹಲ್ಲು ಚೆನ್ನಾಗಿದೆ ಎಂದು ಅಂಗಿ ಒರೆಸಿಕೊಂಡು ಹೋದರು. ತಾವು ದೊಡ್ಡಮ್ಮ ತಿಂದದ್ದನ್ನು ಬಿಟ್ಟು ಗೊಣಗಿಯ ಅಂಕೆಗಳನ್ನೇ ಹಿಡಿದು ವರದಿ ಬರೆಸಿದಿರಿ: ಈ ಮಿಶ್ರಣವನ್ನು ಒಂಟೆಗಳು ತಿನ್ನಲು ಒಪ್ಪುವುದಿಲ್ಲ, ಆದ್ದರಿಂದ ಜೀರ್ಣವಾಗುವ ಪ್ರಶ್ನೆಯೇ ಉದ್ಭವಿಸುವುದಿಲ್ಲ, ಯೋಜನೆ ಕೈಬಿಡಬಹುದು.

ನಾನು ಕೇಳಿಕೊಂಡದ್ದು ದೊಡ್ಡದೇನಲ್ಲ. ಗೋಡೆ ತೆಗೆಸಿ, ಜೋಡಿಯನ್ನೇ ಒಂದು ಎಂದು ಎಣಿಸಿ, ಇಬ್ಬರ ಲೆಕ್ಕವನ್ನೂ ಕೂಡಿಸಿ ಒಂದೇ ಅಂಕೆ ಬರೆಯೋಣ ಎಂದೆ. ತಾವು ಕನ್ನಡಕ ತೆಗೆದು, "ಪ್ರತಿ ಪ್ರಾಣಿಯೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕಮ್ಮ. ಅಂಕೆ ಅಂದ್ರೆ ಒಂದೊಂದರದು ಬೇರೆ ಬೇರೆ ಇರಬೇಕು" ಎಂದಿರಿ. ತಾವೂ ನಾನೂ ಒಂದೇ ಪುಸ್ತಕ ಓದಿ ಬಂದವರು. ಪಕ್ಕದ ಕಟ್ಟಡದಲ್ಲಿ ಕೋಳಿಗಳಿಗೆ ಗೂಡಿಗೊಂದು ಅಂಕೆ, ಯಾವ ಕೋಳಿ ಎಷ್ಟು ಕಾಳು ಹೆಕ್ಕಿತು ಎಂದು ಯಾರೂ ಪ್ರತ್ಯೇಕ ವಿಚಾರಣೆ ನಡೆಸುವುದಿಲ್ಲ. ಮೀನುಗಳಿಗೆ ತೊಟ್ಟಿಗೊಂದು ಅಂಕೆ. ಕೋಳಿಗೂ ಮೀನಿಗೂ ಇರುವ ಸೌಲಭ್ಯ ಒಂಟೆಗೆ ಯಾಕಿಲ್ಲ? ಎತ್ತರವಾಗಿದೆ ಎಂಬ ಒಂದೇ ತಪ್ಪಿಗೆ ಒಂಟಿಯಾಗಿ ತಿನ್ನಬೇಕೇ? ಇದನ್ನೆಲ್ಲ ಹೇಳಿದೆ, ಗೋಡೆಗೆ ಹೇಳಿದ ಹಾಗಾಯಿತು.

ಅದೇ ಸುಮಾರಿಗೆ ನನಗೂ ತೂಕ ಇಳಿದು, ಕಣ್ಣು ಕತ್ತಲೆ ಬಂದು, ಡಾಕ್ಟರ ಬಳಿ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು. ಊಟ ಸರಿಯಾಗಿ ಮಾಡುತ್ತೀರಾ ಎಂದು ಕೇಳಿದರು, ಮಾಡುತ್ತೇನೆ ಎಂದೆ. ಎಲ್ಲರೂ ಅಲ್ಲಿಗೆ ನಿಲ್ಲಿಸುತ್ತಾರೆ. ನನ್ನ ತಂಗಿ ದಿನಾ ಫೋನು ಮಾಡಿ, ಅಕ್ಕ ಊಟ ಆಯ್ತಾ ಎಂದು ಕೇಳಿ, ಆಯಿತು ಎನ್ನುವುದರೊಳಗೆ ಬೇರೆ ವಿಷಯಕ್ಕೆ ಹೋಗುತ್ತಾಳೆ. ಈ ಡಾಕ್ಟರು ಬಿಡಲಿಲ್ಲ. "ಎಷ್ಟು ಮಾಡ್ತೀರಿ?" ಎಂದರು. ಊರ ಒಂಟೆಗಳೆಲ್ಲ ಎಷ್ಟು ತಿನ್ನುತ್ತವೆಂದು ತೂಗಿ ಸಂಬಳ ಪಡೆದವಳಿಗೆ ತಾನು ಎಷ್ಟು ತಿನ್ನುತ್ತೇನೆಂದು ಗೊತ್ತಿರಲಿಲ್ಲ. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಪಾತ್ರೆ ಖಾಲಿಯಾಗುತ್ತಿತ್ತು, ಅಷ್ಟು ಗೊತ್ತು. ಅದರಲ್ಲಿ ನನ್ನದೆಷ್ಟು ಅವರದೆಷ್ಟು ಎಂದು ಯಾರು ತೂಗಿದ್ದರು? ನಮ್ಮಿಬ್ಬರದೂ ಕೂಡಿಯೇ ಒಂದು ಅಂಕೆ. ಅದರಲ್ಲಿ ಒಬ್ಬರನ್ನು ಕಳೆದರೆ ಉಳಿಯಬೇಕಾದ ಅರ್ಧ ಉಳಿಯಲಿಲ್ಲ. ಈಗಲೂ ಕೈ ಇಬ್ಬರಿಗಾಗುವಷ್ಟೇ ಬೇಯಿಸುತ್ತದೆ, ಇಬ್ಬರಿಗಾಗುವಷ್ಟೇ ಡಬ್ಬಿಗೆ ತುಂಬುತ್ತದೆ. ಸಂಜೆ ಅದನ್ನು ಹಾಗೇ ತಂದು ಚೆಲ್ಲುತ್ತೇನೆ. ಒಬ್ಬಳೇ ಉಣ್ಣುವುದು ನನಗೆ ಬಹಳ ಕಷ್ಟ ಮಾನ್ಯರೇ. ಇದನ್ನು ತಂಗಿಗೂ ಹೇಳಿಲ್ಲ.

ಇನ್ನು ತಮ್ಮ ನೋಟಿಸಿಗೆ ಉತ್ತರ. ಡಾಕ್ಟರ ಬಳಿ ಹೋಗಿ ಬಂದ ಮರುದಿನ ಮಧ್ಯಾಹ್ನ ಡಬ್ಬಿ ಹಿಡಿದು ನೇರವಾಗಿ ಗೊಣಗಿಯ ಕಟಕಟೆಯೊಳಕ್ಕೆ ಹೋದೆ. ತೊಟ್ಟಿಯ ಅಂಚಿಗೆ ಮೂಟೆ ಎಳೆದುಕೊಂಡು ಕೂತು ಡಬ್ಬಿ ಬಿಚ್ಚಿದೆ. ಪ್ರಯೋಗವೇನೂ ಅಲ್ಲ, ಅದರ ಜೊತೆ ಕೂರಬೇಕು ಅನ್ನಿಸಿತು. ಗೊಣಗಿ ತಲೆ ಇಳಿಸಿ ಡಬ್ಬಿಯನ್ನು ಮೂಸಿತು, ನನ್ನ ಕೈಯನ್ನು ಮೂಸಿತು, ಇಷ್ಟವಾಗಲಿಲ್ಲವೆಂದು ಮೂಗಿನಿಂದ ಗಾಳಿ ಬಿಟ್ಟಿತು. ನಾನು ಒಂದು ತುತ್ತು ತೆಗೆದುಕೊಂಡೆ. ಅದು ನನ್ನ ಬಾಯಿಯನ್ನೇ ನೋಡುತ್ತಿತ್ತು. ಆಮೇಲೆ ತೊಟ್ಟಿಗೆ ಬಾಯಿ ಹಾಕಿತು. ನಾನು ಜಗಿದರೆ ಅದೂ ಜಗಿಯಿತು, ನಾನು ನಿಲ್ಲಿಸಿದರೆ ಅದೂ ತಲೆಯೆತ್ತಿ ನೋಡಿತು. ಹೆದರಿಕೊಂಡು ನಾನು ನಿಲ್ಲಿಸಲೇ ಇಲ್ಲ. ಅದು ತೊಟ್ಟಿಯ ತಳ ಕಾಣುವವರೆಗೂ ತಿಂದಿತು, ಕೊನೆಯಲ್ಲಿ ಗಂಟಲಲ್ಲಿ ಒಂದು ಸಲ ಗೊಣಗಿತು. ನಾನು ಕೆಳಗೆ ನೋಡಿದರೆ ಡಬ್ಬಿ ಖಾಲಿಯಾಗಿತ್ತು. ಇಬ್ಬರಿಗಾಗುವ ಡಬ್ಬಿಯನ್ನು ಒಬ್ಬಳೇ ಮುಗಿಸಿದ್ದೆ. ನಮ್ಮವರು ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ ಮೊದಲು. ಸಂಜೆ ಮೇಜಿನ ಮೇಲೆ ತಮ್ಮ ನೋಟಿಸು ಇತ್ತು.

ನಾನು ಕೊಟ್ಟಿಗೆಯಲ್ಲಿರುವುದು ತಮಗೆ ಹೇಗೆ ಗೊತ್ತಾಯಿತು ಎಂದು ಮೊದಲು ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು. ತಮ್ಮ ಕೋಣೆಯ ಕಿಟಕಿ ಕೊಟ್ಟಿಗೆಯ ಕಡೆಗೇ ಇದೆ. ಮಧ್ಯಾಹ್ನ ತಾವು ಬಾಗಿಲು ಹಾಕಿಕೊಂಡು ಆ ಕಿಟಕಿಯ ಪಕ್ಕದಲ್ಲಿ ಕೂತು ಊಟ ಮಾಡುತ್ತೀರಿ. ತಾವು ಇಲ್ಲಿಗೆ ವರ್ಗವಾಗಿ ಬಂದಾಗಿನಿಂದ ತಮ್ಮ ಜೊತೆ ಕೂತು ಉಂಡವರನ್ನು ನಾನು ನೋಡಿಲ್ಲ. ತಮ್ಮ ಕುಟುಂಬ ಬೇರೆ ಊರಿನಲ್ಲಿದೆಯೆಂದು ಕೇಳಿದ್ದೇನೆ, ಅದು ನನಗೆ ಸಂಬಂಧಪಡದ ವಿಷಯ. ಆದರೆ ತಮ್ಮ ಡಬ್ಬಿಯನ್ನು ಜವಾನ ತೊಳೆಯುವುದು ನನ್ನ ಪ್ರಯೋಗಾಲಯದ ಹೊರಗಿನ ನಲ್ಲಿಯಲ್ಲಿ. ಮುಕ್ಕಾಲು ಪಾಲು ಊಟ ಕಸದ ಬುಟ್ಟಿಗೆ ಹೋಗುತ್ತದೆ. ತೊಟ್ಟಿಯಲ್ಲಿ ಉಳಿದದ್ದನ್ನು ತೂಗಿ ತೂಗಿ ನನ್ನ ಕಣ್ಣಿಗೆ ಇದೊಂದು ಕೆಟ್ಟ ಅಭ್ಯಾಸವಾಗಿದೆ, ಎಲ್ಲಿ ಏನು ಉಳಿದರೂ ಮೊದಲು ಅಲ್ಲಿಗೇ ಹೋಗುತ್ತದೆ. ತಮ್ಮ ಅಡುಗೆಯವಳ ಕೈರುಚಿ ಸರಿಯಿಲ್ಲ, ಆ ಊಟ ಮನುಷ್ಯರು ತಿನ್ನಲು ಒಪ್ಪುವಂಥದ್ದಲ್ಲ ಎಂದು ನಾನೊಂದು ವರದಿ ಬರೆದರೆ ತಾವು ಒಪ್ಪುತ್ತೀರಾ? ಅವಳನ್ನು ಕೆಲಸದಿಂದ ತೆಗೆಯುತ್ತೀರಾ? ತೆಗೆಯಬೇಡಿ. ಅವಳ ಅಡುಗೆಯಲ್ಲಿ ದೋಷವಿರಲಾರದು.

ಇದನ್ನು ತಮ್ಮನ್ನು ಚುಚ್ಚಲು ಬರೆಯಲಿಲ್ಲ. ಬರೆಯುವಾಗ ಸ್ವಲ್ಪ ಚುಚ್ಚುವ ಆಸೆ ಇತ್ತು, ನಿಜ. ನಿಲುಗಡೆಯಿಲ್ಲದೆ ವ್ಯಂಗ್ಯ ಮಾಡುವುದು ಒಬ್ಬರೇ ಇರುವವರಿಗೆ ಅಂಟುವ ಚಾಳಿ, ತಿರುಗಿ ಉತ್ತರ ಕೊಡುವವರು ಮನೆಯಲ್ಲಿ ಇರುವುದಿಲ್ಲ ನೋಡಿ. ಹೆಚ್ಚುಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನೋಟಿಸಿಗೆ ಶಿಕ್ಷೆ ಏನಿದ್ದರೂ ಕೊಡಿ, ನಿವೃತ್ತಿಗೆ ಹೆಚ್ಚು ಕಾಲವಿಲ್ಲ, ತಡೆದುಕೊಳ್ಳುತ್ತೇನೆ.

ಈಗ ನನ್ನ ಬೇಡಿಕೆ. ವರದಿಯನ್ನು ಹಿಂದಕ್ಕೆ ತೆಗೆದುಕೊಂಡು ಅದರಲ್ಲಿ ಅರವತ್ತು ಎಂದು ಬರೆಯಿರಿ, ಎರಡಕ್ಕೂ ಸೇರಿಸಿ ಒಂದೇ ಸಲ. ಇದನ್ನು ನಂಬಲಾಗದಿದ್ದರೆ ಗೋಡೆ ಒಡೆಸಿ ಮತ್ತೊಮ್ಮೆ ಅಳೆಯಲು ಹೇಳಿ, ಹಿಕ್ಕೆ ಹಿಡಿಯಲು ನಾನಿದ್ದೇನೆ, ನಮ್ಮವರ ಚೀಲಗಳೂ ಗಟ್ಟಿಯಾಗಿವೆ. ಗೇಟಿನ ಹಾಲಿನಾಕೆಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಅದೂ ಆಗದು, ಎರಡೂ ಒಂಟೆ ಇಲ್ಲಿಂದ ಹೋಗಲೇಬೇಕು ಎಂದಾದರೆ, ಹರಾಜಿನ ಆಜ್ಞೆಯನ್ನು ಹರಿದು ಹಾಕಿ ದೊಡ್ಡಮ್ಮನನ್ನೂ ಗೊಣಗಿ ಹೋಗುವ ಕೇಂದ್ರಕ್ಕೇ ಕಳಿಸಿ. ಸಹಿ ಹಾಕುವ ಮೊದಲು ಒಂದೇ ಒಂದು ಸಲ ಕೊಟ್ಟಿಗೆಗೆ ಬನ್ನಿ. ಶುಕ್ರವಾರ ಮಧ್ಯಾಹ್ನ ಬನ್ನಿ. ಡಬ್ಬಿ ತನ್ನಿ. ತಾವು ದೊಡ್ಡಮ್ಮನ ಕಡೆ ಕೂರಿ, ನಾನು ಗೊಣಗಿಯ ಕಡೆ ಕೂರುತ್ತೇನೆ. ಗೋಡೆ ನಡುವೆ ಇರುವುದರಿಂದ ಮೇಲಧಿಕಾರಿಯ ಜೊತೆ ಕೂತು ಉಂಡೆ ಎಂದು ಯಾರೂ ನನ್ನ ಮೇಲೆ ಇನ್ನೊಂದು ನೋಟಿಸು ಹೊರಡಿಸುವಂತಿಲ್ಲ. ಉಂಡಾದ ಮೇಲೆ ಇಬ್ಬರ ಡಬ್ಬಿಯನ್ನೂ ತೂಗೋಣ.

ತಾವು ಬರಲಿ ಬಿಡಲಿ, ಸೋಮವಾರಕ್ಕೆ ಲಾರಿ ಎರಡು ಬೇಡ. ಒಂದೇ ಸಾಕು, ಒಳಗೆ ಅಡ್ಡ ಹಲಗೆ ಹಾಕಿಸಬೇಡಿ.

ಇಂತಿ,
ನೋಟಿಸಿಗೆ ಗುರಿಯಾದ ತಮ್ಮ ಕೇಂದ್ರದ ಮೇವು ತೂಗುವವಳು,
ಶುಕ್ರವಾರವೂ ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಬರುವವಳು